ಕೌದಿ ಪದದ ಏಳನೇ ಕ್ಯಾಸೆಟ್ಟು

ದವಾಖಾನೆಯಲ್ಲಿ ನರ್ಸ್ ಹತ್ತಿಗೆ ಸ್ಪಿರಿಟ್ ಹಚ್ಚಿ ತೋಳು ಒರೆಸಿದರೆ ಉಳಿದವರಿಗೆ ಸೂಜಿ ನೆನಪಾಗುತ್ತದೆ. ನನಗೆ ನೆನಪಾಗುವುದು ಟೇಪ್ ರೆಕಾರ್ಡರಿನ ಹೆಡ್ಡು. ಹೋದ ವಾರ ಮಗಳಿಗೆ ಲಸಿಕೆ ಹಾಕಿಸಲು ಹೋದಾಗಲೂ ಹಾಗೇ ಆಯಿತು. ಮಗು ಕಿರುಚುತ್ತಿತ್ತು, ನಾನು ಆ ವಾಸನೆಗೆ ಮೂಗು ಅಗಲಿಸಿ ನಗುತ್ತ ಕೂತಿದ್ದೆ. ಮನೆಗೆ ಬಂದವಳೇ ಟ್ರಂಕಿನಿಂದ 1999ರ ಡೈರಿ ತೆಗೆದೆ. ನೀಲಿ ರಟ್ಟು, ಒಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ಕೊನೆಯ ಪುಟದಲ್ಲಿ ಆ ಬೇಸಿಗೆಯ ಎಣಿಕೆ ಇದೆ: ಕ್ಯಾಸೆಟ್ಟು ಹನ್ನೊಂದು. ಸ್ಪಿರಿಟ್ಟಿನಿಂದ ಹೆಡ್ಡು ಒರೆಸಿದ್ದು ಅರವತ್ತೆಂಟು ಸಲ. ಕರೆಂಟು ಹೋಗಿ ಕೆಲಸ ಕೆಟ್ಟದ್ದು ಹದಿನಾಲ್ಕು ಸಲ. ಅಣ್ಣ ಬೈದದ್ದು, ಎಣಿಸಿಲ್ಲ.

ಆಗ ನನಗೆ ಇಪ್ಪತ್ತೊಂದು. ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮ ಅಣ್ಣ ಸಂಗಣ್ಣನ ಡಿ.ಟಿ.ಪಿ. ಅಂಗಡಿ ಇತ್ತು. ಲಗ್ನಪತ್ರಿಕೆಗಳನ್ನು ಅವನು ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಮಾಡಿಕೊಡುತ್ತಿದ್ದ. ಆ ವರ್ಷ ಹೊಸ ಕಂಪ್ಯೂಟರ್ ತಂದಿದ್ದ; ಅದರಲ್ಲಿ ಸೌಂಡ್ ಕಾರ್ಡ್ ಇತ್ತು, ಸಿ.ಡಿ. ಬರೆಯುವ ಯಂತ್ರವೂ ಇತ್ತು. ನಮ್ಮ ಓಣಿಯಲ್ಲಿ ಅಂಥದ್ದು ಬೇರೆ ಯಾರಲ್ಲೂ ಇರಲಿಲ್ಲ. ಲಗ್ನದ ಹಂಗಾಮಾದ್ದರಿಂದ ಹಗಲಿಡೀ ಅವನು ಅದನ್ನು ಬಿಡುತ್ತಿರಲಿಲ್ಲ. ಬೆಳಗಿನ ಐದೂವರೆಯಿಂದ ಒಂಬತ್ತರವರೆಗೆ ಮಾತ್ರ ಅದು ನನ್ನದು.

ಮೇ 9, ಭಾನುವಾರ. ಮೈಂದರ್ಗಿಯಿಂದ ಮಾದೇವಿ ಬಂದಳು. ಅಕ್ಕಲಕೋಟೆಯ ಕಾಲೇಜಿನಲ್ಲಿ ಎರಡು ವರ್ಷ ನಾವಿಬ್ಬರೂ ಒಂದೇ ಬೆಂಚಿನವರು. ಬಿ.ಎಸ್ಸಿ.ಗೆ ನಾನು ಸೋಲಾಪುರಕ್ಕೆ ಬಂದೆ, ಅವಳು ಊರಲ್ಲೇ ಉಳಿದು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಬಗಲಲ್ಲಿ ಒಂದು ಗಂಟಿತ್ತು. ಹಳೇ ಧೋತರದ ಗಂಟು ಬಿಚ್ಚಿದರೆ ಹನ್ನೊಂದು ಕ್ಯಾಸೆಟ್ಟು.

"ನಮ್ಮಪ್ಪನ ದನಿ ಇದರಾಗ ಐತಿ ನೋಡವಾ. ನಿಮ್ಮ ಕಂಪ್ಯೂಟರಿನಾಗ ಹಾಕಿ ಸ್ವಚ್ಛ ಮಾಡಾಕ ಬರ್ತೈತೇನು?"

ಅವರಪ್ಪ ಗುರಪ್ಪ ಮಾಸ್ತರರು ನಿವೃತ್ತ ಕನ್ನಡ ಶಾಲೆಯ ಶಿಕ್ಷಕರು. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ತತ್ವಪದ ಹಾಡಿದವರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ದನಿ ಪೂರ್ತಿ ಹೋಗಿತ್ತು. ಹೇಳಬೇಕಾದ್ದನ್ನು ಮಕ್ಕಳ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಈಗ ಔಷಧದಿಂದಲೋ ಏನೋ ಕಿವಿಯೂ ಮಂದವಾಗುತ್ತ ಬಂದಿತ್ತು. ಮಳೆಗಾಲ ಮುಗಿಯುವುದರೊಳಗೆ ಹೆಚ್ಚುಕಡಿಮೆ ಏನೂ ಕೇಳಿಸಲಿಕ್ಕಿಲ್ಲ ಎಂದು ಡಾಕ್ಟರರು ಹೇಳಿದ್ದರಂತೆ.

"ಉಳದ ಪದಾ ಎಲ್ಲಾ ನನಗ ಬರ್ತಾವ," ಮಾದೇವಿ ಹೇಳಿದಳು. "ಕೌದಿ ಪದ ಒಂದ ಬರಂಗಿಲ್ಲ. ಅದು ನಮ್ಮ ದೊಡ್ಡಪ್ಪ ಕಟ್ಟಿದ್ದು. ದೊಡ್ಡಪ್ಪ ಸತ್ತ ಮ್ಯಾಲ ಅಪ್ಪ ಅದನ್ನ ಬಾಯಾಗ ತಂದಿಲ್ಲ. ಏಳನೇ ಕ್ಯಾಸೆಟ್ಟಿನಾಗ ಒಂದ ಸಲ ಐತಿ, ಅಷ್ಟ. ಅಪ್ಪನ ಕಿವಿ ಪೂರ್ತಿ ಹೋಗೂದರೊಳಗ ನಾ ಕಲಿತು ಅವರ ಮುಂದ ಹಾಡಬೇಕು. ತಪ್ಪಿದ್ರ ತಪ್ಪಂತ ಹೇಳಾಕ ಮತ್ಯಾರದಾರ ಹೇಳು?"

"ಅವರ ಮುಂದನ ಕ್ಯಾಸೆಟ್ ಹಚ್ಚಿ ಕಲಿಬಾರದೇನು?"

"ಕೇಳಂಗಿಲ್ಲ ಅಂತಾರ. ಅದರಾಗ ದೊಡ್ಡಪ್ಪನ ದನೀನೂ ಐತಂತ. ಪಾಟಿ ಮ್ಯಾಲ ಬರದ ಬಿಟ್ರು: 'ನೀನು ಕಲಿತು ಬಂದು ಹಾಡು. ಟೇಪು ಹಚ್ಚಬೇಡ.'"

ಮಾಸ್ತರರು ಪಾಟಿಯ ಮೇಲೆ ಯಾವಾಗಲೂ ಪುಸ್ತಕದ ಕನ್ನಡವನ್ನೇ ಬರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಮನೆಯ ಮಾತು.

ಏಳನೇ ಕ್ಯಾಸೆಟ್ಟನ್ನು ನಮ್ಮ ಟೇಪ್ ಡೆಕ್ಕಿಗೆ ಹಾಕಿದೆವು. ಜೋಳ ಕೇರುವಾಗ ಮೊರದಿಂದ ಬರುವಂಥ ಸುಯ್ ಸದ್ದು, ನಿಲ್ಲದೆ, ಅದರ ಹಿಂದೆಲ್ಲೋ ಕಂಬಳಿ ಹೊದ್ದು ಹಾಡಿದಂತೆ ಒಂದು ಗಂಡು ದನಿ. ಒಂದು ಸಾಲು ಮಾತ್ರ ತಿಳಿಯಿತು: "ಚಿಂದಿ ಚಿಂದಿ ಕೂಡಿಸಿ ಹೊಲಿದೆನವ್ವ, ಎಳಿಯೊಂದು ಸಾಲಲಿಲ್ಲ." ಒಂದು ಸಲ ಕೇಳಿ ಕ್ಯಾಸೆಟ್ಟು ತೆಗೆದರೆ, ಟೇಪು ತಾಗಿ ಓಡುವ ಹೆಡ್ಡಿನ ಮೇಲೆ ಕಂದು ಪುಡಿ. ಟೇಪಿನ ಲೇಪವೇ ಉದುರುತ್ತಿತ್ತು! ನೂರು ಸಲ ಕೇಳಿ ಕಲಿಯಬೇಕಾದ ಹಾಡು, ಹತ್ತು ಸಲ ಓಡಿದರೆ ಉಳಿಯುತ್ತದೋ ಇಲ್ಲವೋ. ಇನ್ನು ಅದನ್ನು ಓಡಿಸುವುದಿದ್ದರೆ ಕಂಪ್ಯೂಟರಿಗೆ ಇಳಿಸಲಿಕ್ಕೆ ಮಾತ್ರ ಎಂದು ಆ ದಿನವೇ ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ನನಗೆ ನಿದ್ದೆಯೇ ಹಾರಿಹೋಯಿತು. ಪರೀಕ್ಷೆಗೂ ನಾನು ಅಷ್ಟು ಹುರುಪಿನಿಂದ ಎದ್ದವಳಲ್ಲ.

ಮೊದಲ ವಾರ ಏಳನೆಯದನ್ನು ಮುಟ್ಟಲಿಲ್ಲ. ಉಳಿದ ಹತ್ತರ ಮೇಲೆ ಕೈ ಪಳಗಿಸಿಕೊಂಡೆ. ಟೇಪಿನ ಸುಯ್ ಸದ್ದಿನ ಜೊತೆಗೆ ಗುಂಯ್ ಎಂಬ ಇನ್ನೊಂದು ಸದ್ದು ಬರುತ್ತಿತ್ತು. ಒಂದೊಂದೇ ಬಂದ್ ಮಾಡುತ್ತ ಹೋದೆ. ಟ್ಯೂಬ್‌ಲೈಟ್ ಬಂದ್ ಮಾಡಿದರೆ ಸ್ವಲ್ಪ ಕಡಿಮೆ. ಫ್ರಿಜ್ಜು ಬಂದ್ ಮಾಡಿದರೆ ಇನ್ನಷ್ಟು. ಡೆಕ್ಕಿನ ಹಿಂಬದಿಯ ತಿರುಪಿನಿಂದ ಕಂಪ್ಯೂಟರಿನ ಡಬ್ಬಿಗೆ ಒಂದು ತಂತಿ ಕಟ್ಟಿದ ಕೂಡಲೇ ಗುಂಯ್ ನಿಂತೇಹೋಯಿತು, ನಾನು ಕುರ್ಚಿಯಿಂದ ಎದ್ದು ಕುಣಿದೆ. ಉಳಿದದ್ದು ಪಂಖಾದ ರೆಗ್ಯುಲೇಟರಿನ ಚಟಚಟ. ಅದನ್ನೂ ಬಂದ್ ಮಾಡಿದೆ. ಸೋಲಾಪುರದ ಮೇ ತಿಂಗಳು. ಬೆಳಗಿನ ಏಳಕ್ಕೇ ಗೋಡೆ ಬಿಸಿ.

"ಏ ಸುಮಾ, ಪಂಖಾ ಹಚ್ಚ, ಹುಚ್ಚಿ! ಹಾಡು ಉಳಿತೈತಿ, ನೀ ಸಾಯ್ತಿ," ಎಂದು ಅಣ್ಣ ಬಾಗಿಲಲ್ಲಿ ನಿಂತು ಕೂಗಿದ.

"ಇನ್ನ ಎಂಟ ಮಿನಿಟ ತಡಿ. ನೀ ಒದರಿದ್ದೂ ಅದರಾಗ ಕೇಳತೈತಿ."

"ಮೈಕ ಇಲ್ಲದ ವಾಯರಿನಾಗಿಂದ ತಗೋತೀನಂದಿ? ನಾ ಒದರಿದ್ದು ಹ್ಯಾಂಗ ಕೇಳ್ತೈತಿ?"

ಅವನು ಹೇಳಿದ್ದು ಖರೇ ಇತ್ತು. ಆದರೂ ಓಡುವ ಕ್ಯಾಸೆಟ್ಟಿನ ಮುಂದೆ ಉಸಿರು ಬಿಗಿಹಿಡಿದು ಕೂರುವುದು ನನಗೆ ಚಟವಾಗಿಬಿಟ್ಟಿತ್ತು.

ಕಂಬಳಿ ಹೊದ್ದ ದನಿಯ ಗುಟ್ಟು ಬಿಡಿಸಿದವರು ರೇಡಿಯೋ ರಿಪೇರಿಯ ರಜಾಕ ಚಾಚಾ. ಮೇ 17ರಂದು ಡೆಕ್ಕನ್ನು ಹೊತ್ತುಕೊಂಡು ಅವರ ಅಂಗಡಿಗೆ ಹೋದೆ. ಅವರು ಮೂರನೇ ಕ್ಯಾಸೆಟ್ಟು ಹಾಕಿ, ಕಣ್ಣು ಮುಚ್ಚಿ ಕೇಳಿ, ನಕ್ಕರು.

"ಟೇಪ್ ಖರಾಬ್ ಇಲ್ಲ ಬೇಟಿ. ರೆಕಾರ್ಡ್ ಮಾಡಿದ ಮಶೀನಿನ ಹೆಡ್ಡು ಸೊಟ್ಟ ಇತ್ತು, ನಿಂದು ನೆಟ್ಟಗೈತಿ. ಸೊಟ್ಟ ಬೈತಲಿಗೆ ನೆಟ್ಟಗ ಬಾಚಣಿಗಿ ಹಾಕಿದ್ರ ಕೂದಲ ಕೂಡ್ತಾವೇನು? ನಿನ್ನ ಹೆಡ್ಡೂ ಅಷ್ಟ ಸೊಟ್ಟ ಮಾಡು."

ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಅವರು ಗಡಿಯಾರದವರ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿದರು. ಕಂಬಳಿ ಸರಿಯಿತು! ಒಮ್ಮೆಲೇ ಮಾಸ್ತರರ ದನಿ ನಮ್ಮ ಮುಂದೆ ಬಂದು ಕೂತಂತೆ, 'ಚ'ಕಾರ 'ಸ'ಕಾರ ಎಲ್ಲ ಬೇರೆಬೇರೆ. ಚಾಚಾ ತಾವೇ "ವ್ಹಾ!" ಎಂದರು. ಮನೆಗೆ ಬಂದು ನಾನು ಪ್ರತಿ ಕ್ಯಾಸೆಟ್ಟಿಗೂ ತಿರುಪು ಎಷ್ಟು ಸುತ್ತಬೇಕೆಂಬ ಪಟ್ಟಿ ಮಾಡಿದೆ. ಏಳನೆಯದಕ್ಕೆ, ಓಡಿಸದೆ, ಆರು-ಎಂಟನೆಯವುಗಳ ಅಂದಾಜಿನ ಮೇಲೆ ಬಲಕ್ಕೆ ಕಾಲು ಸುತ್ತು.

ಮೇ 29ರಂದು ಏಳನೆಯದು ಕಂಪ್ಯೂಟರಿಗೆ ಇಳಿಯಿತು. ಒಂದೇ ಓಟ, ಕರೆಂಟು ಹೋಗಲಿಲ್ಲ. ಉಳಿದದ್ದು ಸುಯ್ ಸದ್ದು ತೆಗೆಯುವುದು. ಅದಕ್ಕೊಂದು ಪ್ರೋಗ್ರಾಂ ಗೆಳತಿಯೊಬ್ಬಳಿಂದ ಸಿಕ್ಕಿತ್ತು. ಹಾಡಿಲ್ಲದ, ಬರೀ ಸದ್ದಿರುವ ಒಂದು ತುಣುಕನ್ನು ಮೊದಲು ಅದಕ್ಕೆ ತೋರಿಸಬೇಕು. ಅದು ಆ ಸದ್ದಿನ ಗುರುತು ಹಿಡಿದು ಇಡೀ ಹಾಡಿನಿಂದ ಅಷ್ಟನ್ನು ಕಳೆಯುತ್ತದೆ. ನನ್ನ ಅದೃಷ್ಟ ನೋಡಿ: ಹಾಡು ಶುರುವಾಗುವ ಮೊದಲು ಯಾರೂ ಹಾಡದ ಎರಡು ನಿಮಿಷವೇ ಇತ್ತು! ಅದರಲ್ಲಿ ಹತ್ತು ಸೆಕೆಂಡು ಆರಿಸಿಕೊಂಡೆ. ಕಂಪ್ಯೂಟರು ಆರು ನಿಮಿಷದ ಹಾಡಿಗೆ ಐವತ್ತು ನಿಮಿಷ ತೆಗೆದುಕೊಂಡಿತು. ಆಮೇಲೆ ಕೇಳಿದರೆ ಬಾವಿಯ ತಳದಂಥ ನಿಶ್ಶಬ್ದ, ಅದರ ನಡುವೆ ಮಾಸ್ತರರ ದನಿ ಒಂದೇ. ಅಣ್ಣನನ್ನು ಎಬ್ಬಿಸಿ ತಂದು ಕೇಳಿಸಿದೆ.

"ಎಕದಮ್ ಸಿ.ಡಿ. ಅಂಗಡ್ಯಾಗಿಂದ ತಂದಂಗೈತಲ್ಲ!" ಎಂದ. ಅವನ ಬಾಯಿಂದ ಬಂದ ಹೊಗಳಿಕೆ ಆ ವರ್ಷ ಅದೊಂದೇ.

ಅದೇ ದಿನದ ಡೈರಿಯಲ್ಲಿ ಇನ್ನೂ ಒಂದು ಸಾಲಿದೆ, ನನ್ನದೇ ಅಕ್ಷರ: "ಸಾಲಿನ ಕೊನೆಯಲ್ಲಿ ದನಿ ಕೆಳಗಿಳಿದಾಗ ನೀರೊಳಗಿಂದ ಬಂದಂತೆ ತೆಳ್ಳಗಾಗುತ್ತದೆ. ಸಣ್ಣ ದೋಷ. ಬಿಟ್ಟಿದ್ದೇನೆ."

ಮೈಂದರ್ಗಿಯ ಮನೆಯಲ್ಲಿ ಸಿ.ಡಿ. ಹಚ್ಚುವ ಯಂತ್ರ ಎಲ್ಲಿಯದು? ಸ್ವಚ್ಛವಾದ ಹಾಡನ್ನು ಹೊಸ ಕ್ಯಾಸೆಟ್ಟಿಗೆ ತುಂಬಿ ಮಾದೇವಿಗೆ ಕಳಿಸಿದೆ. ಅವಳು ಹೊಲದ ಮನೆಯಲ್ಲಿ ಕೂತು ದಿನಾ ಕೇಳಿ ಕಲಿತಳು. ಪ್ರತಿ ಕಾಗದದಲ್ಲೂ ಎಣಿಕೆ ಬರೆಯಲು ಹೇಳಿದ್ದೆ. ಹನ್ನೆರಡು ದಿನಕ್ಕೆ ನೂರಾ ನಲವತ್ತು ಸಲ.

ಜೂನ್ 13, ಭಾನುವಾರ. ಮೊದಲ ಮಳೆ ಎರಡು ದಿನದ ಹಿಂದೆ ಬಿದ್ದಿತ್ತು. ಡೆಕ್ಕು, ಕ್ಯಾಸೆಟ್ಟು, ಸ್ಪಿರಿಟ್ ಸೀಸೆ ಎಲ್ಲ ಚೀಲಕ್ಕೆ ಹಾಕಿಕೊಂಡು ವಳಸಂಗ ದಾಟಿ, ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಹತ್ತೂವರೆಗೆ ಮೈಂದರ್ಗಿ ಮುಟ್ಟಿದೆ. ಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದರು. ಮಾಸ್ತರರು ನಾನು ಬಂದದ್ದು ನೋಡಿ ಪಾಟಿಯ ಮೇಲೆ ಬರೆದರು: "ಕಂಪ್ಯೂಟರ್ ಬಾಯಿಸಾಹೇಬರಿಗೆ ಸ್ವಾಗತ. ಚಹಾ ಕುಡಿಯುವಿರೋ, ಸ್ಪಿರಿಟ್ಟೋ?"

ಮಾದೇವಿ ಅಪ್ಪನ ಎದುರು ಕೂತಳು. ಮಾಸ್ತರರಿಗೆ ಸ್ವರದ ಹೆಸರು ಗೊತ್ತಿಲ್ಲ, ಕಿವಿಯಿಂದ ಕಲಿತವರು. ಕಲಿಸುವಾಗ ದನಿ ಏರುವಲ್ಲಿ ಕೈ ಎತ್ತುವರು, ಇಳಿಯುವಲ್ಲಿ ಕೈ ಇಳಿಸುವರು. ಅವಳು ಹಾಡತೊಡಗಿದಳು. ಎಷ್ಟು ಚಂದ ಇತ್ತು! ಮೊದಲ ಸಾಲಿನ ಕೊನೆಗೆ ಮಾಸ್ತರರ ಕೈ ಎದೆಯಿಂದ ಮೊಣಕಾಲಿಗೆ ಇಳಿಯಿತು. ಮಾದೇವಿಯ ದನಿ ಎದೆಮಟ್ಟದಲ್ಲೇ ನಿಂತಿತು. ಕೈ ಅಲ್ಲೇ ಕೆಳಗೆ ಕಾಯುತ್ತಿತ್ತು. ಎರಡನೇ ಸಾಲಿಗೂ ಹಾಗೇ. ಮೂರನೇ ಸಾಲಿಗೆ ಅವರು ಪಾಟಿ ಎಳೆದುಕೊಂಡರು.

"ಯಾರ ಹಾಡ ಇದು?"

ಮನೆಯ ಮಾತು. ಮಾದೇವಿ ನನ್ನ ಮುಖ ನೋಡಿದಳು.

"ಕ್ಯಾಸೆಟ್ಟಿನಾಗ ಹಿಂಗ ಐತಿ ಅಪ್ಪ. ಕೆಳಗ ಇಳಿಯಂಗೇ ಇಲ್ಲ."

ಅವರು ಪಾಟಿ ಬದಿಗಿಟ್ಟರು. ಆಮೇಲೆ ತಾವೇ ಟೇಪಿನ ಕಡೆಗೆ ಬೆರಳು ಮಾಡಿದರು. ಕೇಳುವುದಿಲ್ಲ ಎಂದಿದ್ದವರು ಯಂತ್ರಕ್ಕೆ ಕಿವಿ ಹಚ್ಚಿ ಕೂತರು. ನಾನು ಹೆಮ್ಮೆಯಿಂದ ಮಾಡಿದ್ದ ಆ ನಿಶ್ಶಬ್ದದಲ್ಲಿ ಅವರ ಹಾಡು ಮುಗಿಯುವ ತನಕ ಕೇಳಿದರು. ಬರೆದರು:

"ನಮ್ಮಣ್ಣ ಎಲ್ಲಿ ಹ್ವಾದ?"

ಮಾದೇವಿ ಹೇಳಿದ್ದ ದೊಡ್ಡಪ್ಪನ ದನಿ ನನಗೆ ಒಂದು ಸಲವೂ ಕೇಳಿಸಿರಲಿಲ್ಲ; ಅದು ಎಲ್ಲಿ ಹೋಯಿತೆಂದು ಅರ್ಥವಾಗಲಿಲ್ಲ. ಚೀಲದಲ್ಲಿ ಹಳೇ ಏಳನೇ ಕ್ಯಾಸೆಟ್ಟಿತ್ತು. ಅದು ಇನ್ನು ಎಷ್ಟು ಓಟ ತಾಳುತ್ತದೋ ಗೊತ್ತಿರಲಿಲ್ಲ. ಮಾಸ್ತರರು "ಹಚ್ಚು" ಎಂದು ಬರೆದು ಪಾಟಿಯನ್ನು ತಟ್ಟಿದರು. ಹೆಡ್ಡು ಒರೆಸಿ, ತಿರುಪು ಕಾಲು ಸುತ್ತು ತಿರುಗಿಸಿ ಹಚ್ಚಿದೆ. ನಮ್ಮ ಅಂಗಡಿಯ ಕಂಪ್ಯೂಟರಿನ ಸ್ಪೀಕರುಗಳು ಮುಷ್ಟಿಯಷ್ಟು ಸಣ್ಣವು, ದಪ್ಪ ಸ್ವರ ಅವುಗಳಲ್ಲಿ ಕೇಳಿಸುತ್ತಲೇ ಇರಲಿಲ್ಲ. ಮಾಸ್ತರರ ಮನೆಯಲ್ಲಿದ್ದದ್ದು ದೊಡ್ಡ ಕಟ್ಟಿಗೆಯ ಸ್ಪೀಕರು. ಸುಯ್ ಸದ್ದು ಮನೆ ತುಂಬಿತು. ಅದರ ಅಡಿಯಲ್ಲಿ, ಹಾಡು ಶುರುವಾಗುವ ಮೊದಲಿನ ಆ ಎರಡು ನಿಮಿಷದಲ್ಲಿ, ಮೆಲ್ಲಗೆ, ದಪ್ಪಗೆ, ಏನೋ ಒಂದು ನಿಂತಿತ್ತು.

"ಇದೇನು?"

"ಶ್ರುತಿಪೆಟ್ಟಿಗಿ," ಮಾದೇವಿ ಹೇಳಿದಳು. "ನಮ್ಮಲ್ಲಿ ಹಾಡೂಕಿಂತ ಮೊದಲ ಸುಮ್ಮ ಪೆಟ್ಟಿಗಿ ಒತ್ತತಾರ. ಯಾರೂ ಪಿಟ್ಟ ಅನ್ನಂಗಿಲ್ಲ. ಮೊದಲ ಮನೀನ ಶ್ರುತಿಗೆ ಬರಬೇಕು ಅಂತಾರ. ನಿನಗ ಗೊತ್ತಿರಲಿಲ್ಲೇನು?"

ಹಾಡಿಲ್ಲದ ಜಾಗ ಎಂದು ನಾನು ಕಂಪ್ಯೂಟರಿಗೆ ತೋರಿಸಿದ್ದು ಶ್ರುತಿಯನ್ನೇ. ಇದೇ ಕಸ, ಇದನ್ನು ಎಲ್ಲಿ ಕಂಡರೂ ತೆಗೆದುಹಾಕು ಎಂದು ಹೇಳಿದ್ದೆ. ಅದು ಹೇಳಿದಂತೆ ಮಾಡಿತ್ತು. ಪೆಟ್ಟಿಗೆಯ ಸ್ವರ ಹೋಯಿತು. ಮಾಸ್ತರರು ಸಾಲಿನ ಕೊನೆಗೆ ಅದೇ ಸ್ವರಕ್ಕೆ ಇಳಿಯುವಲ್ಲಿ ಅವರ ದನಿ ಹೋಯಿತು. ಆ ಸ್ವರವೊಂದನ್ನೇ ಹಿಡಿದು ಹಿಂದೆ ನಿಂತಿದ್ದ ಅವರ ಅಣ್ಣ ಪೂರ್ತಿಯಾಗಿ ಹೋಗಿದ್ದರು.

ಈಗ ಸ್ಪೀಕರಿನಲ್ಲಿ ಅವರು ಬಂದರು. ದಪ್ಪ ದನಿ, ಅಲುಗಾಡದೆ, ಸಾಲಿನ ತಳದಲ್ಲಿ. ಮಾಸ್ತರರು ಕಣ್ಣು ಮುಚ್ಚಿದ್ದರು. ಕೈ ಮೊಣಕಾಲಿನ ಮೇಲಿತ್ತು.

ನಾನು "ತಪ್ಪಾತರಿ ಮಾಸ್ತರ" ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೆ ಜೋರಾಗಿ ಹೇಳಿದೆ. ಅವರು ಬರೆದರು: "ಕೇಳಿಸಿತು. ಇನ್ನೂ ಕೇಳಿಸುತ್ತದೆ. ಬೇಗ ಮಾಡು."

ಮರುದಿನದಿಂದ ನಾಲ್ಕು ದಿನ ನಾನು ಮನುಷ್ಯರಂತಿರಲಿಲ್ಲ. ಕಂಪ್ಯೂಟರಿನಲ್ಲಿ ಇಳಿಸಿಟ್ಟಿದ್ದ ಮೂಲ ಹಾಗೇ ಇತ್ತು, ಅದೊಂದು ಪುಣ್ಯ. ಬೇಕಾದದ್ದು ಬರೀ ಟೇಪಿನ ಸುಯ್ ಇರುವ ಒಂದು ತುಣುಕು: ಪೆಟ್ಟಿಗೆ ನಿಂತಿರಬೇಕು, ಯಾರೂ ಮಾತಾಡಿರಬಾರದು, ಮೈಕು ಮಾತ್ರ ತೆರೆದಿರಬೇಕು. ರಜಾಕ ಚಾಚಾ ದೊಡ್ಡ ಸ್ಪೀಕರು ಎರವಲು ಕೊಟ್ಟರು. ಹಾಡಿನ ಕೊನೆಯ ಅರ್ಧ ನಿಮಿಷವನ್ನು ಎಷ್ಟು ಸಲ ಕೇಳಿದೆನೆಂದರೆ ಡೈರಿಯಲ್ಲಿ ಐದೈದರ ಗೆರೆಗಳು ಒಂದು ಪುಟ ತುಂಬಿವೆ. ಹಾಡು ಮುಗಿಯುತ್ತದೆ. ಪೆಟ್ಟಿಗೆಯ ಉಸಿರು ಮೆಲ್ಲಗೆ ಇಳಿಯುತ್ತದೆ. ಯಾರೋ ಕೆಮ್ಮುತ್ತಾರೆ. ಆಮೇಲೆ ಬಟನ್ನು ಟಕ್ಕೆನ್ನುತ್ತದೆ. ಕೆಮ್ಮಿಗೂ ಟಕ್ಕಿಗೂ ನಡುವೆ ಮುಕ್ಕಾಲು ಸೆಕೆಂಡು!

ಜೂನ್ 16ರ ಬೆಳಿಗ್ಗೆ ಆರೂ ಹತ್ತಕ್ಕೆ ಅದು ಸಿಕ್ಕಿತು. ನಾನು ಚೀರಿದ್ದಕ್ಕೆ ಅವ್ವ ಅಡಿಗೆಮನೆಯಿಂದ ಓಡಿಬಂದಳು.

"ಏನಾತ? ಕರೆಂಟ ಹೊಡೀತೇನು?"

"ಮುಕ್ಕಾಲ ಸೆಕೆಂಡ ಸಿಕ್ಕತವಾ!"

"ಅಯ್ಯ, ಮುಕ್ಕಾಲ ಸೆಕೆಂಡಿಗೆ ಇಷ್ಟ ಗದ್ದಲ? ಫಲಿತಾಂಶ ಬಂತೇನಂತ ಮಾಡೀನಿ."

ಈ ಸಲ ಆಸೆಬುರುಕತನ ಮಾಡಲಿಲ್ಲ. ಸುಯ್ ಸದ್ದನ್ನು ಪೂರ್ತಿ ತೆಗೆದರೆ ಮಾದೇವಿಯ ದೊಡ್ಡಪ್ಪನ ದನಿ ಮತ್ತೆ ತೆಳ್ಳಗಾಗುತ್ತಿತ್ತು. ಮುಕ್ಕಾಲು ತೆಗೆದೆ, ಆಗಲೂ ಸ್ವಲ್ಪ ನೀರಿನ ಸದ್ದು. ಅರ್ಧ ತೆಗೆದೆ. ಅರ್ಧ ಸುಯ್ ಉಳಿಯಿತು, ಅದರ ನಡುವೆ ಇಬ್ಬರೂ ಗಟ್ಟಿಯಾಗಿ ಕೂತರು. ಹಾಗೇ ಬಿಟ್ಟು ಕ್ಯಾಸೆಟ್ಟಿಗೆ ತುಂಬಿ ಮೈಂದರ್ಗಿಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದೆ. ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ, ಮೂರನೇ ನುಡಿಯ ಕೊನೆಗೆ, ಎರಡು ದನಿಗಳು ಒಂದಕ್ಕೊಂದು ಕೂಡದೆ ಕರಕರ ಎನ್ನುತ್ತಿದ್ದವು. ಅಲ್ಲಿ ಟೇಪು ಜಗ್ಗಿದೆ ಎಂದು ಒಂದು ಚೀಟಿ ಬರೆದಿಟ್ಟೆ.

ಕಲಿತದ್ದನ್ನು ಮರೆಯುವುದೇ ಹೊಸದಾಗಿ ಕಲಿಯುವುದಕ್ಕಿಂತ ಕಷ್ಟವಾಯಿತಂತೆ. "ಬಾಯಿ ತಾನ ಮ್ಯಾಲ ನಿಂದರತೈತಿ ಸುಮಾ, ಕೆಳಗ ನೂಕಬೇಕಾಗೇತಿ," ಎಂದು ಮಾದೇವಿ ಬರೆದಳು. ಈ ಸಲ ನೂರಾ ಹತ್ತು.

ಜೂನ್ 27, ಮತ್ತೆ ಭಾನುವಾರ. ಬೆಳಗಿನಿಂದ ಜಿಟಿಜಿಟಿ. ಮಾಸ್ತರರು ತೆಳ್ಳಗಾಗಿದ್ದರು. ನಾನು ನಮಸ್ಕಾರ ಎಂದದ್ದು ಅವರಿಗೆ ಎರಡನೇ ಸಲಕ್ಕೆ ತಿಳಿಯಿತು. ಬಲಗಿವಿ ಹೆಚ್ಚುಕಡಿಮೆ ಹೋಗಿದೆ, ಎಡಗಡೆ ಕೂಡು ಎಂದು ಮಾದೇವಿಗೆ ಸನ್ನೆ ಮಾಡಿದರು. ಅವಳು ಅವರ ಎಡಗಿವಿಯಿಂದ ಒಂದು ಗೇಣು ದೂರದಲ್ಲಿ ಕೂತಳು. ನಾನು ಶ್ರುತಿಪೆಟ್ಟಿಗೆ ಒತ್ತಿದೆ. ಯಾರೂ ಪಿಟ್ಟೆನ್ನಲಿಲ್ಲ.

ಮೊದಲ ಸಾಲು. ಕೈ ಇಳಿಯಿತು, ದನಿಯೂ ಇಳಿಯಿತು, ಎರಡೂ ಮೊಣಕಾಲಿನ ಹತ್ತಿರ ಕೂಡಿದವು. ನನಗೆ ಎದ್ದು ಕೂಗಬೇಕೆನಿಸಿತು. ಪೆಟ್ಟಿಗೆ ಒತ್ತುತ್ತಿದ್ದೆ, ಹಲ್ಲು ಕಚ್ಚಿ ಕೂತೆ. ಎರಡನೇ ನುಡಿಯೂ ಸರಿ. ಮಾಸ್ತರರ ಮುಖದಲ್ಲಿ ಬಿಸಿಲು ಬಂದಂತಿತ್ತು. ಮೂರನೇ ನುಡಿಯ ಕೊನೆಗೆ ಮಾದೇವಿ ಟೇಪಿನಲ್ಲಿ ಅಪ್ಪ ಹಾಡಿದಂತೆಯೇ ದನಿಯನ್ನು ಮೇಲಕ್ಕೆ ಎತ್ತಿದಳು. ಮಾಸ್ತರರ ಕೈ ಕೆಳಗಿಳಿಯಿತು.

ಅವಳು ನಿಲ್ಲಿಸಿದಳು. "ಇಲ್ಲ ಅಪ್ಪ. ಇಲ್ಲಿ ನೀವ ಮ್ಯಾಲ ಹೋಗೀರಿ. ಸ್ವಚ್ಛ ಕೇಳತೈತಿ."

"ಅಲ್ಲಿ ಟೇಪ್ ಜಗ್ಗೇತ್ರಿ ಮಾಸ್ತರ," ಎಂದು ನಾನು ನಡುವೆ ಬಾಯಿ ಹಾಕಿದೆ.

ಮಾಸ್ತರರು ತಲೆ ಅಲ್ಲಾಡಿಸಿ ನಗತೊಡಗಿದರು. ದನಿಯಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಪಾಟಿ ತೆಗೆದುಕೊಂಡು ಬರೆದರು, ಒರೆಸಿದರು, ಮತ್ತೆ ಬರೆದರು. ಮೂರು ಪಾಟಿ ತುಂಬ ಬರೆದದ್ದನ್ನು ನಾನು ಅಲ್ಲೇ ಡೈರಿಗೆ ಇಳಿಸಿಕೊಂಡೆ:

"ಟೇಪು ಜಗ್ಗಿಲ್ಲ. ನಾ ತಪ್ಪೀನಿ. ಅಣ್ಣ ಕೆಳಗ ನಿಂತ, ನಾ ಮ್ಯಾಲ ಹ್ವಾದೆ."

"ಹಾಡ ಮುಗದ ಮ್ಯಾಲ ಅಣ್ಣ ಬೈದ. ನಿಂದ ತಪ್ಪು ಅಂದೆ. ಆರ ತಿಂಗಳ ಮಾತ ಬಿಟ್ವಿ. ಅದರಾಗ ಅವ ತೀರಿಹ್ವಾದ."

"ಹೋದ ಸಲ ನೀ ಹಚ್ಚಿದಾಗ ಎರಡೂ ದನಿ ಕೇಳೀನಿ. ಅವಂದ ಬರೋಬರಿ ಐತಿ."

ಮಾದೇವಿ ಮೂರನ್ನೂ ಓದಿದಳು. ಆಮೇಲೆ ಮೂಗೊರೆಸಿಕೊಂಡು, "ಹಂಗಾರ ಟೇಪಿನಾಗಿಂದ ಕಲಿತದ್ದೂ ತಪ್ಪ ಆತಲ್ಲ! ನೂರಾ ಹತ್ತ ಸಲ ತಪ್ಪ ಹಾಡೀನಿ, ಒಬ್ರಾರ ಮೊದಲ ಹೇಳಬಾರದೇನು?" ಎಂದು ಗದರಿದಳು. ಮಾಸ್ತರರು ಎರಡೂ ಕಿವಿ ಹಿಡಿದುಕೊಂಡರು. ಮೂವರೂ ನಕ್ಕೆವು. ಹೊರಗೆ ಮಳೆ ಜೋರಾಯಿತು. ಐದರ ಬಸ್ಸಿಗೆ ಹೊರಡಬೇಕಾಗಿದ್ದವಳು ನಾನು ಕದಲಲಿಲ್ಲ.

ಮಾಸ್ತರರು ಮಗಳ ಬಾಯಿಯ ಹತ್ತಿರಕ್ಕೆ ಎಡಗಿವಿ ತಂದು ಕೂತರು. ಮೂರನೇ ನುಡಿ, ಅಣ್ಣತಮ್ಮಂದಿರ ಬಾಯಲ್ಲಿ ಎಂದೂ ಸರಿಯಾಗಿ ಒಟ್ಟಿಗೆ ಕೂಡದಿದ್ದದ್ದು, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ್ದು. ಮಾದೇವಿ ಉಸಿರು ತೆಗೆದುಕೊಂಡಳು. ಅವರ ಕೈ ನಿಧಾನವಾಗಿ ಮೊಣಕಾಲಿನತ್ತ ಇಳಿಯತೊಡಗಿತು. ಅದು ಮುಟ್ಟುವುದಕ್ಕೆ ಮೊದಲೇ ಅವಳ ದನಿ ಅಲ್ಲಿತ್ತು.